ಟ್ರೇಸ್ ಈವೆಂಟ್ ದಾಖಲಾಗುತ್ತಿದೆ, ಔಟ್‌ಪುಟ್ ಮಾತ್ರ ತಪ್ಪು: ಹೆಸರಿನ ಜಾಗದಲ್ಲಿ ಕಸ, ಸ್ಥಿತಿಯ ಜಾಗದಲ್ಲಿ ಬರೀ ಅಂಕಿ

ಬೈಟ್‌ಪಯಣ (ಪ್ರಶ್ನೆ)

ಲಿನಕ್ಸ್ 5.10 ಮೇಲೆ ಓಡುವ ಒಂದು ಡ್ರೈವರ್ ಮಾಡ್ಯೂಲ್. ಅದರ ಕ್ಯೂಗಳಲ್ಲಿ ಒಂದೊಂದು ಕೆಲಸ ಮುಗಿದಾಗಲೂ ಟ್ರೇಸ್ ಈವೆಂಟ್ (ಕರ್ನಲ್ ಒಳಗೆ ನಡೆದದ್ದರ ದಾಖಲೆ) ಬರುವಂತೆ ಟ್ರೇಸ್_ಈವೆಂಟ್ ಮ್ಯಾಕ್ರೊ ಬಳಸಿ ಬರೆದಿದೆ. ಈವೆಂಟ್ ಬರುತ್ತಿದೆ, ಸಮಯ ಮತ್ತು ಸಿಪಿಯು ಸಂಖ್ಯೆ ಸರಿಯಾಗಿವೆ. ಮುದ್ರಣದಲ್ಲಿ ಮಾತ್ರ ಮೂರು ತೊಂದರೆ:

ಕ್ಯೂ ಹೆಸರು ಟ್ರೇಸ್ ಫೈಲನ್ನು ತಕ್ಷಣ ಓದಿದರೆ ಸರಿ ಬರುತ್ತದೆ. ಕ್ಯೂ ಅಳಿಸಿದ ಮೇಲೆ ಓದಿದರೆ ಅರ್ಥವಿಲ್ಲದ ಅಕ್ಷರಗಳು. ಟ್ರೇಸ್-ಸಿಎಂಡಿ (ಟ್ರೇಸ್ ದಾಖಲಿಸಿ ಓದುವ ಕಮಾಂಡ್) ರಿಪೋರ್ಟ್‌ನಲ್ಲಂತೂ ಯಾವಾಗ ನೋಡಿದರೂ ಹೆಸರಿನ ಬದಲು ಉದ್ದನೆಯ ಹೆಕ್ಸ್ ಸಂಖ್ಯೆ.

ಸ್ಥಿತಿ ಟ್ರೇಸ್ ಫೈಲಿನಲ್ಲಿ 'ಟೈಮ್‌ಔಟ್' ಎಂದೇ ಬರುತ್ತದೆ. ಅದೇ ಈವೆಂಟ್ ಟ್ರೇಸ್-ಸಿಎಂಡಿಯಲ್ಲಿ 0ಎಕ್ಸ್2.

ಪ್ರತಿ ಈವೆಂಟ್ ಆದಮೇಲೆ ಒಂದು ಖಾಲಿ ಸಾಲು.

ಹೆಸರನ್ನು '__ಫೀಲ್ಡ್(ಕಾನ್ಸ್ಟ್ ಚಾರ್ *, ನೇಮ್)' ಎಂದು ಘೋಷಿಸಿದೆ, ಮುದ್ರಣದಲ್ಲಿ %ಎಸ್. ಸ್ಥಿತಿ ಒಂದು ಈನಮ್ (ಸಂಖ್ಯೆಗಳಿಗೆ ಹೆಸರು ಕೊಟ್ಟ ಪಟ್ಟಿ), ಅದನ್ನು __ಪ್ರಿಂಟ್_ಸಿಂಬಾಲಿಕ್ ಮೂಲಕ ಹೆಸರಾಗಿ ತೋರಿಸುತ್ತಿದೆ. ಮೂರಕ್ಕೂ ಮೂಲ ಒಂದೇನಾ? ಎಲ್ಲಿಂದ ಶುರು ಮಾಡಬೇಕು?

ರಿಂಗ್_ಬಫರ್

ಮೂಲ ಬೇರೆ ಬೇರೆ. ಆದರೆ ಒಂದು ವಿಷಯ ಸ್ಪಷ್ಟವಾದರೆ ಮೂರೂ ಬಿಡಿಸಿಕೊಳ್ಳುತ್ತವೆ: ಈವೆಂಟ್ ನಡೆದ ಕ್ಷಣದಲ್ಲಿ ಕರ್ನಲ್ ಯಾವ ಪಠ್ಯವನ್ನೂ ತಯಾರಿಸುವುದಿಲ್ಲ. ಫೀಲ್ಡ್‌ಗಳಿಗೆ ಮೌಲ್ಯ ತುಂಬುವ ಟಿಪಿ_ಫಾಸ್ಟ್_ಅಸೈನ್ ಒಳಗಿನ ಕೋಡ್ ಓಡಿ, ಕೆಲವು ಬೈಟ್‌ಗಳನ್ನು ಆ ಸಿಪಿಯುವಿನ ರಿಂಗ್ ಬಫರ್‌ಗೆ (ದಾಖಲೆಗಳನ್ನು ಕೂಡಿಡುವ ಮೆಮೊರಿಗೆ) ಹಾಕಿ ಹೊರಟುಬಿಡುತ್ತದೆ. ಪಠ್ಯ ಕಟ್ಟುವ ಟಿಪಿ_ಪ್ರಿಂಟ್‌ಕೆ ಓಡುವುದು ಯಾರಾದರೂ ಟ್ರೇಸ್ ಫೈಲ್ ಓದಿದಾಗ. ಅದು ಮರುಕ್ಷಣವೂ ಇರಬಹುದು, ಮರುದಿನವೂ ಇರಬಹುದು. ಟ್ರೇಸ್-ಸಿಎಂಡಿ ಅಥವಾ ಪರ್ಫ್ (ಅದೇ ಥರದ ಇನ್ನೊಂದು ಉಪಕರಣ) ಓದುವಾಗ ನಿಮ್ಮ ಟಿಪಿ_ಪ್ರಿಂಟ್‌ಕೆ ಕರ್ನಲ್ ಒಳಗೆ ಓಡುವುದೇ ಇಲ್ಲ. ಅವು ಬಫರ್‌ನ ಕಚ್ಚಾ ಬೈಟ್‌ಗಳನ್ನು ಹೊತ್ತೊಯ್ದು, ಈವೆಂಟ್‌ನ ಫಾರ್ಮ್ಯಾಟ್ ಫೈಲಿನಲ್ಲಿರುವ 'ಪ್ರಿಂಟ್ ಎಫ್‌ಎಂಟಿ' ಸಾಲನ್ನು ಲಿಬ್‌ಟ್ರೇಸ್‌ಈವೆಂಟ್ ಲೈಬ್ರರಿಯಿಂದ ಬಿಡಿಸಿ, ಪಠ್ಯವನ್ನು ಯೂಸರ್ ಸ್ಪೇಸ್‌ನಲ್ಲಿ ಕಟ್ಟುತ್ತವೆ.

ಹೀಗಾಗಿ ಔಟ್‌ಪುಟ್ ತಪ್ಪಿದಾಗ ಮೊದಲು ಕೇಳಬೇಕಾದ್ದು: ದಾಖಲಾದ ಬೈಟ್‌ಗಳೇ ತಪ್ಪೋ, ಕರ್ನಲ್‌ನ ಮುದ್ರಣ ತಪ್ಪೋ, ಯೂಸರ್ ಸ್ಪೇಸ್‌ನ ಮುದ್ರಣ ತಪ್ಪೋ? ಅದಕ್ಕೆ ಮೂರು ಕಡೆ ನೋಡಿ.

ಒಂದು, /ಸಿಸ್/ಕರ್ನಲ್/ಟ್ರೇಸಿಂಗ್/ಈವೆಂಟ್ಸ್ ಕೆಳಗೆ ನಿಮ್ಮ ಈವೆಂಟ್ ಡೈರೆಕ್ಟರಿಯಲ್ಲಿರುವ ಫಾರ್ಮ್ಯಾಟ್ ಫೈಲ್. ಮೊದಲ 8 ಬೈಟ್‌ಗಳು ಎಲ್ಲ ಈವೆಂಟ್‌ಗಳಿಗೂ ಸಾಮಾನ್ಯ: ಟೈಪ್ 2, ಫ್ಲ್ಯಾಗ್ಸ್ 1, ಪ್ರಿಎಂಪ್ಟ್ ಕೌಂಟ್ 1, ಪಿಐಡಿ 4. ನಿಮ್ಮ ಫೀಲ್ಡ್‌ಗಳು ಆಫ್‌ಸೆಟ್ 8ರಿಂದ ಶುರು. ಪ್ರತಿ ಫೀಲ್ಡ್‌ನ ಸೈಜ್ ಮತ್ತು ಸೈನ್ಡ್ ಅಂಕಣ ಓದಿ. 64 ಬಿಟ್ ಯಂತ್ರದಲ್ಲಿ ನಿಮ್ಮ ನೇಮ್ ಫೀಲ್ಡ್ ಮುಂದೆ ಸೈಜ್ 8 ಎಂದಿರುತ್ತದೆ. ಅಂದರೆ ಬಫರ್‌ನಲ್ಲಿರುವುದು ಹೆಸರಲ್ಲ, ಹೆಸರು ಇರುವ ವಿಳಾಸ.

ಎರಡು, ಟ್ರೇಸ್-ಸಿಎಂಡಿ ರಿಪೋರ್ಟ್‌ಗೆ ದೊಡ್ಡ ಆರ್ ಆಯ್ಕೆ ಕೊಡಿ. ಅದು ಪ್ರಿಂಟ್ ಎಫ್‌ಎಂಟಿಯನ್ನು ಬದಿಗಿಟ್ಟು ಫೀಲ್ಡ್‌ಗಳನ್ನು ಇದ್ದ ಹಾಗೇ ತೋರಿಸುತ್ತದೆ. ಇಲ್ಲೇ ಮೌಲ್ಯ ತಪ್ಪಿದ್ದರೆ ಟಿಪಿ_ಫಾಸ್ಟ್_ಅಸೈನ್ ನೋಡಬೇಕು. ಇಲ್ಲಿ ಸರಿ ಇದ್ದು ಮಾಮೂಲಿ ರಿಪೋರ್ಟ್‌ನಲ್ಲಿ ತಪ್ಪಿದ್ದರೆ ಪ್ರಿಂಟ್ ಎಫ್‌ಎಂಟಿ ನೋಡಬೇಕು. (6.4ರಿಂದ ಆಪ್ಷನ್ಸ್/ಫೀಲ್ಡ್ಸ್‌ಗೆ 1 ಬರೆದರೆ ಕರ್ನಲ್‌ನ ಟ್ರೇಸ್ ಫೈಲೂ ಹೀಗೇ ತೋರಿಸುತ್ತದೆ. ನಿಮ್ಮ 5.10ರಲ್ಲಿ ಆ ಸೌಲಭ್ಯ ಇಲ್ಲ.)

ಮೂರು, ಅದೇ ದಾಖಲೆಯನ್ನು ಕರ್ನಲ್‌ನ ಟ್ರೇಸ್ ಫೈಲಿನಲ್ಲಿ ಓದಿ ಹೋಲಿಸಿ. ಟ್ರೇಸ್_ಪೈಪ್ ಬೇಡ, ಅದು ಓದಿದ್ದನ್ನು ಬಫರ್‌ನಿಂದ ತೆಗೆದೇಬಿಡುತ್ತದೆ.

ಇನ್ನು ಹೆಸರಿನ ದೋಷ. ಇದು ಬರೀ ಔಟ್‌ಪುಟ್ ದೋಷವಲ್ಲ, ಬಿಡುಗಡೆಯಾದ ಮೆಮೊರಿಯನ್ನು ಓದುವ ದೋಷ. ಕ್ಯೂ ಅಳಿಸಿದಾಗ ಹೆಸರಿದ್ದ ಮೆಮೊರಿ ಕೆಫ್ರೀ (ಬಿಡುಗಡೆ) ಆಗುತ್ತದೆ, ಬಫರ್‌ನಲ್ಲಿ ವಿಳಾಸ ಉಳಿಯುತ್ತದೆ, ಆಮೇಲೆ ಓದಿದವರು ಆ ವಿಳಾಸದಲ್ಲಿ ಈಗ ಏನಿದೆಯೋ ಅದನ್ನು ಪಡೆಯುತ್ತಾರೆ. ಆ ಪುಟವೇ ಮ್ಯಾಪ್ ಆಗಿರದಿದ್ದರೆ ಕರ್ನಲ್ ಊಪ್ಸ್, ಅಂದರೆ ಕರ್ನಲ್‌ನೊಳಗಿನ ಗಂಭೀರ ದೋಷ. ಖಚಿತಪಡಿಸಿಕೊಳ್ಳಲು ಬೂಟ್ ಸಾಲಿಗೆ ಸ್ಲಬ್_ಡೀಬಗ್=ಪಿ ಸೇರಿಸಿ (ಪಿ ಅಂದರೆ ಪಾಯ್ಸನಿಂಗ್, ಬಿಡುಗಡೆಯಾದ ಮೆಮೊರಿಗೆ ಗುರುತಿನ ಬೈಟ್ ತುಂಬುವುದು). ಈವೆಂಟ್ ಚಾಲೂ ಮಾಡಿ, ಕೆಲಸ ಓಡಿಸಿ, ಕ್ಯೂ ಅಳಿಸಿ, ಆಮೇಲೆ ಟ್ರೇಸ್ ಓದಿ. ಪಾಯ್ಸನಿಂಗ್ ಚಾಲೂ ಇದ್ದರೆ ಬಿಡುಗಡೆಯಾದ ಮೆಮೊರಿಗೆ ಹೆಕ್ಸ್ 6ಬಿ ತುಂಬಿರುತ್ತದೆ, ಕೊನೆಯ ಬೈಟ್ ಮಾತ್ರ ಎ5. ಆಸ್ಕಿಯಲ್ಲಿ 6ಬಿ ಅಂದರೆ ಇಂಗ್ಲಿಷಿನ ಸಣ್ಣ 'ಕೆ'. ಹೆಸರಿನ ಜಾಗದಲ್ಲಿ ಸಾಲಾಗಿ 'ಕೆಕೆಕೆಕೆಕೆ' ಕಂಡರೆ ಬೇರೆ ಸಾಕ್ಷಿ ಬೇಕಿಲ್ಲ.

ಪರಿಹಾರ: ದಾಖಲಿಸುವಾಗಲೇ ಅಕ್ಷರಗಳನ್ನು ಬಫರ್‌ಗೆ ನಕಲು ಮಾಡಿ.

ಟಿಪಿ_ಸ್ಟ್ರಕ್ಟ್__ಎಂಟ್ರಿ ಒಳಗೆ:
__ಸ್ಟ್ರಿಂಗ್(ನೇಮ್, ಕ್ಯೂ->ನೇಮ್)

ಟಿಪಿ_ಫಾಸ್ಟ್_ಅಸೈನ್ ಒಳಗೆ:
__ಅಸೈನ್_ಸ್ಟ್ರ್(ನೇಮ್, ಕ್ಯೂ->ನೇಮ್);

ಟಿಪಿ_ಪ್ರಿಂಟ್‌ಕೆ ಒಳಗೆ %ಎಸ್ ಹಾಗೇ ಇರಲಿ, ಅದಕ್ಕೆ ಕೊಡುವುದು:
__ಗೆಟ್_ಸ್ಟ್ರ್(ನೇಮ್)

6.10ರಿಂದ __ಅಸೈನ್_ಸ್ಟ್ರ್‌ಗೆ ಎರಡನೇ ಆರ್ಗ್ಯುಮೆಂಟ್ ಇಲ್ಲ, __ಸ್ಟ್ರಿಂಗ್‌ನಲ್ಲಿ ಕೊಟ್ಟದ್ದನ್ನೇ ಅದು ಬಳಸಿಕೊಳ್ಳುತ್ತದೆ. ಎರಡೂ ಕರ್ನಲ್‌ಗಳಿಗೆ ಒಂದೇ ಸೋರ್ಸ್ ಇಟ್ಟುಕೊಂಡಿದ್ದರೆ ಆವೃತ್ತಿ ನೋಡಿ ಬೇರ್ಪಡಿಸಬೇಕಾಗುತ್ತದೆ. ಈ ಬದಲಾವಣೆ ಆದಮೇಲೆ ಫಾರ್ಮ್ಯಾಟ್ ಫೈಲಿನಲ್ಲಿ ನೇಮ್ ಮುಂದೆ __ಡೇಟಾ_ಲೊಕ್ ಎಂದೂ ಸೈಜ್ 4 ಎಂದೂ ಬರುತ್ತದೆ. ಆ 32 ಬಿಟ್‌ಗಳಲ್ಲಿ ಕೆಳಗಿನ 16 ಆಫ್‌ಸೆಟ್, ಮೇಲಿನ 16 ಉದ್ದ. ಅಕ್ಷರಗಳು ದಾಖಲೆಯ ಬಾಲದಲ್ಲೇ ಇರುವುದರಿಂದ ಟ್ರೇಸ್-ಸಿಎಂಡಿಗೂ ಹೆಸರು ಸಿಗುತ್ತದೆ. ಈವರೆಗೆ ಅದರ ಕೈಗೆ ಬರುತ್ತಿದ್ದದ್ದು ಕರ್ನಲ್ ವಿಳಾಸ ಮಾತ್ರ, ಅದನ್ನೇ ಹೆಕ್ಸ್‌ನಲ್ಲಿ ಮುದ್ರಿಸುತ್ತಿತ್ತು.

ಟಿಪಿ_ಪ್ರಿಂಟ್‌ಕೆ ಒಳಗೆ ಇನ್ನೆಲ್ಲಾದರೂ ಬಾಣದ ಗುರುತು ಹಿಡಿದು ಎರಡನೇ ಹೆಜ್ಜೆ ಇಟ್ಟಿದ್ದೀರಾ ಅಂತಲೂ ನೋಡಿ. __ಎಂಟ್ರಿ->ರಿಕ್ವೆಸ್ಟ್->ಲೆನ್ ಥರದ್ದು ಇದ್ದರೆ ಅದೂ ಇದೇ ಕಾಯಿಲೆ. %ಎಸ್ ಆದರೆ ಕಸ ಕಣ್ಣಿಗೆ ಬೀಳುತ್ತದೆ. ಸಂಖ್ಯೆಯಾದರೆ ನಂಬುವಂಥ ಸುಳ್ಳು ಸಂಖ್ಯೆ ಬರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ನನ್ನ ಮಟ್ಟಿಗೆ ಅದೇ ಹೆಚ್ಚು ಅಪಾಯ.

ಕೊನೆಸಾಲು

ಮೇಲಿನ ಉತ್ತರ ಸರಿ. ಹೆಸರಿನ ವಿಷಯದಲ್ಲಿ ಒಂದು ಪರ್ಯಾಯ ಹೇಳುತ್ತೇನೆ. ಕ್ಯೂ ಹೆಸರಿಗೆ ಗರಿಷ್ಠ ಉದ್ದ ಮೊದಲೇ ನಿಗದಿಯಾಗಿದ್ದರೆ, ಉದಾಹರಣೆಗೆ 16 ಬೈಟ್, __ಅರೇ(ಚಾರ್, ನೇಮ್, 16) ಸಾಕು. ಶೆಡ್ಯೂಲರ್‌ನ ಶೆಡ್_ಸ್ವಿಚ್ ಈವೆಂಟ್ ಪ್ರೊಸೆಸ್ ಹೆಸರನ್ನು ಹೀಗೇ ಇಡುತ್ತದೆ. ಆಫ್‌ಸೆಟ್ ಲೆಕ್ಕ ಇಲ್ಲ, ದಾಖಲೆಯ ಗಾತ್ರ ಬದಲಾಗುವುದಿಲ್ಲ. ಆದರೆ ನಕಲಿಗೆ ಸ್ಟ್ರ್‌ಸ್ಕಾಪಿಯನ್ನೇ ಬಳಸಿ. ಸ್ಟ್ರ್‌ಎನ್‌ಕಾಪಿ ಬಳಸಿದರೆ 16 ಅಕ್ಷರದ ಹೆಸರಿಗೆ ಕೊನೆಯ ಶೂನ್ಯ ಬೈಟ್ ಬೀಳುವುದಿಲ್ಲ, ಮುದ್ರಣ ಪಕ್ಕದ ಫೀಲ್ಡ್‌ಗೂ ನುಗ್ಗುತ್ತದೆ. ಹೆಸರಿನ ಬಾಲಕ್ಕೆ ಒಂದೆರಡು ವಿಚಿತ್ರ ಅಕ್ಷರ ಅಂಟಿಕೊಂಡು ಬರುವುದು ಬಹುತೇಕ ಇದರಿಂದಲೇ.

ಪಾಯಿಂಟರ್ ಇಟ್ಟರೂ ತೊಂದರೆಯಾಗದ ಸಂದರ್ಭ ಒಂದಿದೆ. ಕರ್ನಲ್‌ನಲ್ಲೇ ಬಿಲ್ಟ್-ಇನ್ ಆದ ಕೋಡ್‌ನಲ್ಲಿ ಹೆಸರು ಸ್ಥಿರ ಲಿಟರಲ್ ಆಗಿದ್ದರೆ ಅದು ಎಂದೂ ಬಿಡುಗಡೆಯಾಗುವುದಿಲ್ಲ. ಆರ್‌ಸಿಯು (ಕರ್ನಲ್‌ನ ಒಂದು ಸಿಂಕ್ರೊನೈಸೇಶನ್ ವ್ಯವಸ್ಥೆ) ಈವೆಂಟ್‌ಗಳು ಹಾಗಿವೆ. ಅಲ್ಲಿ ಟ್ರೇಸ್‌ಪಾಯಿಂಟ್_ಸ್ಟ್ರಿಂಗ್ ಮ್ಯಾಕ್ರೊ ವಿಳಾಸ ಮತ್ತು ಪಠ್ಯದ ಜೋಡಿಯನ್ನು ಪ್ರಿಂಟ್‌ಕೆ_ಫಾರ್ಮ್ಯಾಟ್ಸ್ ಫೈಲಿಗೆ ಸೇರಿಸುವುದರಿಂದ ಯೂಸರ್ ಸ್ಪೇಸ್‌ಗೂ ಹೆಸರು ತಿಳಿಯುತ್ತದೆ. ನಿಮ್ಮದು ಮಾಡ್ಯೂಲ್, ಹೆಸರು ಕೆಮ್ಯಾಲಕ್‌ನಿಂದ ಬಂದದ್ದು. ಇದು ನಿಮಗಲ್ಲ.

ಸಾಧ್ಯವಿದ್ದರೆ ಇದೇ ಮಾಡ್ಯೂಲನ್ನು 6.6ರಲ್ಲಿ ಕಟ್ಟಿ ಓಡಿಸಿ. 2021ರಲ್ಲಿ ಕರ್ನಲ್‌ಗೆ ಒಂದು ಪರೀಕ್ಷೆ ಸೇರಿತು: ಓದುವ ಹೊತ್ತಿನಲ್ಲಿ %ಎಸ್‌ಗೆ ಬಂದ ವಿಳಾಸ ರಿಂಗ್ ಬಫರ್ ದಾಖಲೆಯ ಒಳಗೂ ಇಲ್ಲ, ಕರ್ನಲ್‌ನ ಸ್ಥಿರ ಡೇಟಾದಲ್ಲೂ ಇಲ್ಲ ಎಂದಾದರೆ ಔಟ್‌ಪುಟ್‌ನಲ್ಲಿ 'ಅನ್‌ಸೇಫ್-ಮೆಮೊರಿ' ಎಂಬ ಗುರುತು ಬಿದ್ದು, ಡಿಮೆಸೇಜ್‌ನಲ್ಲಿ (ಕರ್ನಲ್ ಲಾಗ್‌ನಲ್ಲಿ) ಎಚ್ಚರಿಕೆಯೂ ಬರುತ್ತದೆ. ಕ್ಯೂ ಇನ್ನೂ ಜೀವಂತ ಇರುವಾಗಲೇ ಇದು ಹಿಡಿಯುತ್ತದೆ, ಅಳಿಸಿ ಕಾಯಬೇಕಿಲ್ಲ. 5.10ರಲ್ಲಿ ಈ ಕಾವಲು ಇಲ್ಲದ್ದರಿಂದಲೇ ದೋಷ ಇಷ್ಟು ದಿನ ಸುಮ್ಮನೆ ಕೂತಿದೆ.

ಸ್ಥಿತಿಯ ದೋಷಕ್ಕೆ ಬರೋಣ. ಫಾರ್ಮ್ಯಾಟ್ ಫೈಲಿನ ಪ್ರಿಂಟ್ ಎಫ್‌ಎಂಟಿ ಸಾಲನ್ನು ಕಣ್ಣಿಟ್ಟು ಓದಿ. __ಪ್ರಿಂಟ್_ಸಿಂಬಾಲಿಕ್ ಪಟ್ಟಿಯಲ್ಲಿ 2 ಇರಬೇಕಾದ ಕಡೆ ಕ್ಯೂಎಸ್_ಟೈಮ್‌ಔಟ್ ಎಂಬ ಈನಮ್ ಹೆಸರೇ ಕಾಣುತ್ತದೆ. ಆ ಸಾಲನ್ನು ತಯಾರಿಸುವುದು ಪ್ರಿಪ್ರೊಸೆಸರ್. ಡಿಫೈನ್ ಮಾಡಿದ ಮ್ಯಾಕ್ರೊಗಳನ್ನು ಅದು ಬಿಡಿಸುತ್ತದೆ, ಈನಮ್ ಬೆಲೆಗಳು ಅದಕ್ಕೆ ಗೊತ್ತೇ ಇಲ್ಲ, ಅವು ಕಂಪೈಲರ್‌ನ ಪಾಲು. ಕರ್ನಲ್‌ನೊಳಗಿನ ಮುದ್ರಣ ಕಂಪೈಲ್ ಆದ ಕೋಡ್, ಹಾಗಾಗಿ ಅಲ್ಲಿ ಸರಿ. ಲಿಬ್‌ಟ್ರೇಸ್‌ಈವೆಂಟ್‌ಗೆ ಸಿಗುವುದು ಬರೀ ಪಠ್ಯ. ಆ ಹೆಸರಿಗೆ ಯಾವ ಬೆಲೆ ಎಂದು ತಿಳಿಯದೆ, ಪಟ್ಟಿಯಲ್ಲಿ ಯಾವುದೂ ಹೊಂದದೆ, ಮೌಲ್ಯವನ್ನು ಹೆಕ್ಸ್‌ನಲ್ಲೇ ಮುದ್ರಿಸಿ ಮುಂದೆ ಹೋಗುತ್ತದೆ.

ಹೆಡರ್‌ನಲ್ಲಿ, ಟ್ರೇಸ್_ಈವೆಂಟ್‌ಗಿಂತ ಮೊದಲು, ಒಂದೊಂದು ಬೆಲೆಗೂ ಹೀಗೆ ಹಾಕಿ:

ಟ್ರೇಸ್_ಡಿಫೈನ್_ಈನಮ್(ಕ್ಯೂಎಸ್_ಓಕೆ);
ಟ್ರೇಸ್_ಡಿಫೈನ್_ಈನಮ್(ಕ್ಯೂಎಸ್_ರಿಟ್ರೈ);
ಟ್ರೇಸ್_ಡಿಫೈನ್_ಈನಮ್(ಕ್ಯೂಎಸ್_ಟೈಮ್‌ಔಟ್);

4.1ರಿಂದ ಈ ಮ್ಯಾಕ್ರೊ ಇದೆ. ಮಾಡ್ಯೂಲ್ ಲೋಡ್ ಆಗುವಾಗ ಕರ್ನಲ್ ಪ್ರಿಂಟ್ ಎಫ್‌ಎಂಟಿಯಲ್ಲಿ ಹೆಸರಿದ್ದ ಕಡೆ ಸಂಖ್ಯೆ ಬರೆದಿಡುತ್ತದೆ. ಲೋಡ್ ಆದಮೇಲೆ ಫಾರ್ಮ್ಯಾಟ್ ಫೈಲ್ ಮತ್ತೆ ತೆರೆದು, ಸಂಖ್ಯೆಗಳು ಬಂದಿವೆಯೇ ನೋಡಿ. ಒಂದೇ ಒಂದು ಹೆಸರು ಉಳಿದಿದ್ದರೂ ಆ ಬೆಲೆ ಬಂದಾಗ ಹಳೆಯ ತೊಂದರೆ ಮರುಕಳಿಸುತ್ತದೆ, ಅದೂ ಅಪರೂಪಕ್ಕೆ ಬರುವ ಎರರ್ ಸ್ಥಿತಿಯಲ್ಲೇ. ಟ್ರೇಸ್_ಸಿಸ್ಟಮ್ (ಈವೆಂಟ್‌ಗಳ ಗುಂಪು) ಹೆಸರಿನಲ್ಲಿ ಹೈಫನ್ ಇದ್ದರೆ ಅದು ಸಿ ಭಾಷೆಯ ಐಡೆಂಟಿಫೈಯರ್ ಆಗಲಾರದು, ಕಂಪೈಲ್ ಮುರಿಯುತ್ತದೆ. ಆಗ ಟ್ರೇಸ್_ಸಿಸ್ಟಮ್_ವಾರ್ ಎಂದು ಅಂಡರ್‌ಸ್ಕೋರ್ ಇರುವ ಹೆಸರನ್ನು ಬೇರೆಯಾಗಿ ಕೊಡಬೇಕು.

ಮುಂದೆ ಈನಮ್‌ಗೆ ಹೊಸ ಬೆಲೆ ಸೇರಿದಾಗ ಎರಡು ಪಟ್ಟಿಗಳಲ್ಲಿ ಒಂದನ್ನು ಮರೆಯುವುದು ಸಹಜ. ಕರ್ನಲ್‌ನ ಇನ್‌ಕ್ಲೂಡ್/ಟ್ರೇಸ್/ಈವೆಂಟ್ಸ್ ಕೆಳಗಿನ ಕೆಲವು ಹೆಡರ್‌ಗಳಲ್ಲಿ ಅದಕ್ಕೊಂದು ಚೊಕ್ಕ ಉಪಾಯ ಇದೆ: ಪಟ್ಟಿಯನ್ನು ಒಂದೇ ಮ್ಯಾಕ್ರೊದಲ್ಲಿ ಬರೆದು, ಒಳಗಿನ ಇಎಂ ಮತ್ತು ಇಎಂಇ ಮ್ಯಾಕ್ರೊಗಳನ್ನು ಎರಡು ಸಲ ಬೇರೆ ಬೇರೆ ಅರ್ಥದಲ್ಲಿ ಡಿಫೈನ್ ಮಾಡುವುದು. ಮೊದಲ ಸಲ ಟ್ರೇಸ್_ಡಿಫೈನ್_ಈನಮ್ ಆಗಿ, ಎರಡನೇ ಸಲ ಸಿಂಬಾಲಿಕ್ ಜೋಡಿಯಾಗಿ. ಹಾಗೇ ಮಾಡಿ.

ಖಾಲಿ ಸಾಲು: ಟಿಪಿ_ಪ್ರಿಂಟ್‌ಕೆ ಫಾರ್ಮ್ಯಾಟ್‌ನ ಕೊನೆಯಲ್ಲಿ \ಎನ್ ಇರುತ್ತದೆ, ತೆಗೆಯಿರಿ. ಮ್ಯಾಕ್ರೊ ತಾನೇ ಒಂದನ್ನು ಸೇರಿಸುತ್ತದೆ.

ಬೈಟ್‌ಪಯಣ

ಇಬ್ಬರಿಗೂ ಧನ್ಯವಾದ. ಖಾಲಿ ಸಾಲು ಹೋಯಿತು. ಹೆಸರಿಗೆ __ಸ್ಟ್ರಿಂಗ್ ಹಾಕಿದ ಮೇಲೆ ಎರಡೂ ಕಡೆ ಸರಿ ಬರುತ್ತಿದೆ, ಪಾಯ್ಸನಿಂಗ್ ಚಾಲೂ ಇದ್ದಾಗ ಮೊದಲು 'ಕೆ' ಸಾಲೇ ಬಂದಿತ್ತು. ಸ್ಥಿತಿಯೂ ಸರಿಯಾಯಿತು.

ಇದೇ ಡ್ರೈವರ್‌ನಲ್ಲಿ ಇನ್ನೊಂದು ಈವೆಂಟ್ ಇದೆ, ಪೇಲೋಡ್ (ಕೆಲಸ ಹೊತ್ತು ತರುವ ಡೇಟಾ) ತೋರಿಸಲು. __ಡೈನಾಮಿಕ್_ಅರೇಗೆ ಬೈಟ್‌ಗಳನ್ನು ನಕಲಿಸಿ __ಪ್ರಿಂಟ್_ಹೆಕ್ಸ್ ಮೂಲಕ ಮುದ್ರಣ. ಚಿಕ್ಕ ಪೇಲೋಡ್‌ಗಳು ಎಲ್ಲ ಕಡೆ ಕಾಣುತ್ತವೆ. 1500 ಬೈಟ್‌ನವು ಟ್ರೇಸ್_ಪೈಪ್‌ನಲ್ಲಿ ಬರುವುದೇ ಇಲ್ಲ, ಎರರ್ ಕೂಡ ಇಲ್ಲ. ಟ್ರೇಸ್-ಸಿಎಂಡಿಯಲ್ಲಿ ಅವೇ ಇವೆ. ಬಫರ್ ಗಾತ್ರ ಹೆಚ್ಚಿಸಿದರೂ ವ್ಯತ್ಯಾಸ ಇಲ್ಲ.

ರಿಂಗ್_ಬಫರ್

ಟ್ರೇಸ್-ಸಿಎಂಡಿಯಲ್ಲಿ ಇದೆ ಅಂದಮೇಲೆ ದಾಖಲೆ ಸರಿ, ಕರ್ನಲ್‌ನ ಮುದ್ರಣದಲ್ಲಿ ಜಾಗ ಸಾಲುತ್ತಿಲ್ಲ. ಬಫರ್_ಸೈಜ್_ಕೆಬಿ ಹೆಚ್ಚಿಸಿದ್ದು ರಿಂಗ್ ಬಫರ್‌ಗೆ ತಾಗುತ್ತದೆ, ಇದಕ್ಕಲ್ಲ. ಪಠ್ಯ ಕಟ್ಟುವುದು ಟ್ರೇಸ್_ಸೆಕ್ ಎಂಬ ಬೇರೆ ಬಫರ್‌ನಲ್ಲಿ, 5.10ರಲ್ಲಿ ಅದರ ಗಾತ್ರ ಒಂದು ಪುಟ, ಅಂದರೆ ಸಾಮಾನ್ಯವಾಗಿ 4096 ಬೈಟ್. __ಪ್ರಿಂಟ್_ಹೆಕ್ಸ್ ಒಂದು ಬೈಟ್‌ಗೆ ಎರಡು ಅಂಕಿ ಮತ್ತು ಒಂದು ಖಾಲಿ ಜಾಗ ಬರೆಯುತ್ತದೆ. 1500 ಬೈಟ್‌ಗೆ ಸುಮಾರು 4500 ಅಕ್ಷರ. ಹಿಡಿಸುವುದಿಲ್ಲ.

ಹಿಡಿಸದಿದ್ದಾಗ ಟ್ರೇಸ್_ಸೆಕ್_ಪ್ರಿಂಟ್‌ಎಫ್ ಅರ್ಧ ಬರೆದು ಬಿಡುವುದಿಲ್ಲ. ಉದ್ದವನ್ನು ಹಿಂದಿನ ಜಾಗಕ್ಕೆ ಮರಳಿಸಿ 'ತುಂಬಿದೆ' ಎಂಬ ಗುರುತು ಇಡುತ್ತದೆ. ಓದುವ ಕೋಡ್ ಅದನ್ನು ಅಪೂರ್ಣ ಸಾಲು ಎಂದು ತಿಳಿದು, ಈವರೆಗೆ ಕೂಡಿದ್ದನ್ನು ಯೂಸರ್‌ಗೆ ಕೊಟ್ಟು, ಖಾಲಿ ಬಫರ್‌ನಲ್ಲಿ ಮತ್ತೆ ಯತ್ನಿಸುತ್ತದೆ. ಈ ವಿನ್ಯಾಸ ಸರಿಯಾದದ್ದೇ, ಬೇರೆ ಈವೆಂಟ್‌ಗಳ ಸಾಲು ಮಧ್ಯೆ ತುಂಡಾಗಬಾರದಲ್ಲ. ಆದರೆ ಪೂರ್ತಿ ಖಾಲಿ ಬಫರ್‌ನಲ್ಲೂ ಹಿಡಿಸದ ಒಂದೇ ಸಾಲು ಬಂದಾಗ ಅದು ಸದ್ದಿಲ್ಲದೆ ಕಳೆದುಹೋಗುತ್ತಿತ್ತು. ಹೊಸ ಕರ್ನಲ್‌ಗಳಲ್ಲಿ ಅಲ್ಲಿ 'ಲೈನ್ ಟೂ ಬಿಗ್' ಎಂದು ಬರುವಂತೆ ಸರಿಪಡಿಸಿದ್ದಾರೆ, 6.8ರಿಂದ ಟ್ರೇಸ್_ಸೆಕ್ ಕೂಡ ಸುಮಾರು ಎರಡು ಪುಟದಷ್ಟಾಗಿದೆ.

ನೀವು ಮಾಡಬೇಕಾದ್ದು ಕರ್ನಲ್ ಬದಲಿಸುವುದಲ್ಲ, ಪೇಲೋಡ್ ಕತ್ತರಿಸುವುದು. ಮೊದಲ 64 ಬೈಟ್ ಸಾಕು: 192 ಅಕ್ಷರ, ಯಾವ ಕರ್ನಲ್‌ನಲ್ಲೂ ಹಿಡಿಸುತ್ತದೆ. ಪೂರ್ಣ ಉದ್ದವನ್ನು ಬೇರೆ ಫೀಲ್ಡ್‌ನಲ್ಲಿ ಇಡಿ, ಕತ್ತರಿಸಿದ್ದು ಓದುವವರಿಗೆ ತಿಳಿಯಬೇಕು.

ಕತ್ತರಿಸುವಾಗ ಒಂದು ಎಚ್ಚರ. __ಡೈನಾಮಿಕ್_ಅರೇ(ಯು8, ಡೇಟಾ, ಮಿನ್(ಲೆನ್, 64)) ಎಂದು ಜಾಗ ಕಾದಿರಿಸಿ, ಕೆಳಗೆ ಮೆಮ್‌ಕಾಪಿಗೆ ಮತ್ತೆ ಲೆನ್ ಕೊಟ್ಟರೆ ಕಾದಿರಿಸಿದ ಜಾಗ ಮೀರಿ ಬರೆಯುತ್ತೀರಿ, ರಿಂಗ್ ಬಫರ್‌ನ ಮುಂದಿನ ದಾಖಲೆ ಹಾಳು. ಮೆಮ್‌ಕಾಪಿಯ ಉದ್ದಕ್ಕೆ __ಗೆಟ್_ಡೈನಾಮಿಕ್_ಅರೇ_ಲೆನ್(ಡೇಟಾ) ಬಳಸಿ, ಆಗ ಕಾದಿರಿಸಿದ್ದೂ ಬರೆದದ್ದೂ ಎಂದೂ ಒಂದೇ. ಅದು ಕೊಡುವುದು ಬೈಟ್‌ಗಳಲ್ಲಿ, ಅದನ್ನೂ ನೆನಪಿಡಿ. ನಾಳೆ ಯು32 ಅರೇ ಮಾಡಿ __ಪ್ರಿಂಟ್_ಅರೇ ಬಳಸಿದರೆ ಅದಕ್ಕೆ ಬೇಕಾದ್ದು ಎಲಿಮೆಂಟ್‌ಗಳ ಎಣಿಕೆ, ಬೈಟ್ ಅಲ್ಲ. ನಾಲ್ಕರಿಂದ ಭಾಗಿಸದಿದ್ದರೆ ಅರೇ ದಾಟಿ ಮೂರು ಪಟ್ಟು ಹೆಚ್ಚು ಮುದ್ರಿಸುತ್ತದೆ.

ದಾಖಲೆಯೇ ಬೀಳದ ಸಂದರ್ಭವೂ ಇದೆ. ಒಂದು ಈವೆಂಟ್ ರಿಂಗ್ ಬಫರ್‌ನ ಒಂದು ಉಪ-ಬಫರ್‌ನಲ್ಲಿ ಹಿಡಿಸಲೇಬೇಕು, ಅದು ಮಾಮೂಲಾಗಿ ಒಂದು ಪುಟ. 4096 ಬೈಟ್‌ನ ಪೇಲೋಡ್ ಹಾಕಹೊರಟರೆ ಹೆಡರ್‌ಗೆ ಜಾಗ ಉಳಿಯದೆ ಈವೆಂಟ್ ದಾಖಲಾಗುವುದೇ ಇಲ್ಲ, ಆಗ ಟ್ರೇಸ್-ಸಿಎಂಡಿಯಲ್ಲೂ ಕಾಣುವುದಿಲ್ಲ.

ಸಣ್ಣಪ್ಯಾಚ್

ಪ್ಯಾಚ್ ಮಾಡುವ ಮೊದಲು ಎರರ್ ಕೋಡ್ ಫೀಲ್ಡ್ ಇದ್ದರೆ ಅದನ್ನೂ ನೋಡಿಬಿಡಿ. ಮೈನಸ್ 5 ದಾಖಲಾಗಬೇಕಾದ ಕಡೆ 65531 ಕಂಡರೆ ಫೀಲ್ಡ್ ಯು16 ಆಗಿದೆ. 4294967291 ಕಂಡರೆ ಯು32 ಆಗಿದೆ, ಇಲ್ಲವೇ ಫೀಲ್ಡ್ ಇಂಟ್ ಆಗಿದ್ದು ಮುದ್ರಣ %ಯು ಆಗಿದೆ. ಫಾರ್ಮ್ಯಾಟ್ ಫೈಲಿನ ಸೈನ್ಡ್ ಅಂಕಣ 1 ಇರಬೇಕು. ಫಿಲ್ಟರ್ ಬರೆಯುವವರಿಗೂ ಅದೇ ಅಂಕಣ ಆಧಾರ: ಸೈನ್ ಇಲ್ಲದ ಫೀಲ್ಡ್ ಮೇಲೆ 'ಶೂನ್ಯಕ್ಕಿಂತ ಕಡಿಮೆ' ಎಂಬ ಫಿಲ್ಟರ್‌ಗೆ ಯಾವ ಈವೆಂಟೂ ಸಿಗುವುದಿಲ್ಲ.

ಒಂದೊಂದು ದೋಷಕ್ಕೆ ಒಂದೊಂದು ಪ್ಯಾಚ್ ಇರಲಿ. ಹೆಸರಿನದು ಮೆಮೊರಿ ದೋಷ, ಹಳೆಯ ಸ್ಥಿರ ಕರ್ನಲ್‌ಗಳಿಗೂ ಹೋಗಬೇಕಾದ್ದು. ಖಾಲಿ ಸಾಲಿನ ತಿದ್ದುಪಡಿಯ ಜೊತೆ ಅದನ್ನು ಕಟ್ಟಿಹಾಕಬೇಡಿ. ದೋಷ ಸೇರಿಸಿದ ಕಮಿಟ್ ಯಾವುದೆಂದು ಗಿಟ್ ಬ್ಲೇಮ್‌ನಿಂದ ಹುಡುಕಿ, ಫಿಕ್ಸಸ್ ಸಾಲಿನಲ್ಲಿ ಅದರ ಹ್ಯಾಶ್‌ನ ಕನಿಷ್ಠ 12 ಅಕ್ಷರ ಮತ್ತು ಶೀರ್ಷಿಕೆ ಕೊಡಿ. ವಿವರಣೆಯಲ್ಲಿ ಹಳೆಯ ಔಟ್‌ಪುಟ್‌ನ ಒಂದು ಸಾಲು, ಹೊಸದರ ಒಂದು ಸಾಲು, ಫಾರ್ಮ್ಯಾಟ್ ಫೈಲಿನ ಬದಲಾದ ಸಾಲು, ಮರುಸೃಷ್ಟಿಸುವ ಹೆಜ್ಜೆ, ಇಷ್ಟಿದ್ದರೆ ಪರಿಶೀಲಿಸುವವರಿಗೆ ಬೇರೇನೂ ಕೇಳಬೇಕಾಗುವುದಿಲ್ಲ. ಚೆಕ್‌ಪ್ಯಾಚ್ (ಪ್ಯಾಚ್‌ನ ಶೈಲಿ ನೋಡುವ ಸ್ಕ್ರಿಪ್ಟ್) ಈ ಮ್ಯಾಕ್ರೊಗಳೊಳಗಿನ ಜೋಡಣೆ ಬಗ್ಗೆ ಗೊಣಗಬಹುದು. ಪಕ್ಕದ ಈವೆಂಟ್‌ಗಳು ಹೇಗಿವೆಯೋ ಹಾಗೇ ಇಡಿ.

ಫೀಲ್ಡ್‌ನ ಹೆಸರು ಮಾತ್ರ ಬದಲಿಸಬೇಡಿ. ನೇಮ್ ಎಂಬುದು ನೇಮ್ ಆಗಿಯೇ ಇರಲಿ, ಒಳಗಿನ ಬಗೆ ಬದಲಾದರೆ ಫಾರ್ಮ್ಯಾಟ್ ಫೈಲ್ ಓದುವ ಉಪಕರಣಗಳು ಹೊಂದಿಕೊಳ್ಳುತ್ತವೆ. ಫಾರ್ಮ್ಯಾಟ್ ಓದದೆ ಆಫ್‌ಸೆಟ್‌ಗಳನ್ನು ಕೋಡ್‌ನಲ್ಲೇ ಬರೆದಿಟ್ಟುಕೊಂಡ ಉಪಕರಣಗಳೂ ಇರುತ್ತವೆ. ಸಾಮಾನ್ಯ ಭಾಗದಲ್ಲಿದ್ದ ಲಾಕ್_ಡೆಪ್ತ್ ಫೀಲ್ಡ್ ತೆಗೆದಾಗ ಪವರ್‌ಟಾಪ್ (ವಿದ್ಯುತ್ ಬಳಕೆ ತೋರಿಸುವ ಉಪಕರಣ) ಕೆಟ್ಟು, 2011ರಲ್ಲಿ ಆ ಜಾಗವನ್ನು ಪ್ಯಾಡಿಂಗ್ ಆಗಿ ಮರಳಿ ತರಬೇಕಾಯಿತು. ನಿಮ್ಮ ಡ್ರೈವರ್‌ನ ಈವೆಂಟ್ ಅಷ್ಟು ಜನ ಬಳಸಲಿಕ್ಕಿಲ್ಲ, ಆದರೂ ಯಾರ ಸ್ಕ್ರಿಪ್ಟ್ ಯಾವ ಹೆಸರನ್ನು ಹುಡುಕುತ್ತಿದೆಯೋ ನಮಗೆ ಕಾಣುವುದಿಲ್ಲ.

ಕೊನೆಯ ಪರೀಕ್ಷೆ ಹೀಗಿರಲಿ: ಕೇಸನ್ (ತಪ್ಪು ಮೆಮೊರಿ ಬಳಕೆ ಹಿಡಿಯುವ ಸೌಲಭ್ಯ) ಚಾಲೂ ಇರುವ ಕರ್ನಲ್, ಎಲ್ಲ ಸ್ಥಿತಿಗಳೂ ಒಮ್ಮೆಯಾದರೂ ಬರುವಂಥ ಕೆಲಸ, ಆಮೇಲೆ ಕ್ಯೂ ಅಳಿಸಿ ಟ್ರೇಸ್ ಫೈಲನ್ನೂ ಟ್ರೇಸ್-ಸಿಎಂಡಿ ರಿಪೋರ್ಟನ್ನೂ ಓದಿ, ಸಮಯದ ಮುದ್ರೆ ಹಿಡಿದು ಸಾಲು ಸಾಲಾಗಿ ಹೋಲಿಸಿ. ಪರ್ಫ್ ಸ್ಕ್ರಿಪ್ಟ್ ಕೂಡ ಲಿಬ್‌ಟ್ರೇಸ್‌ಈವೆಂಟ್‌ನಿಂದಲೇ ಓದುತ್ತದೆ, ಆದರೆ ನಿಮ್ಮ ವ್ಯವಸ್ಥೆಯಲ್ಲಿ ಅದರ ಆವೃತ್ತಿ ಟ್ರೇಸ್-ಸಿಎಂಡಿಯದಕ್ಕಿಂತ ಬೇರೆ ಇರಬಹುದು, ಒಮ್ಮೆ ಅದರಲ್ಲೂ ಓಡಿಸಿ. ಎಲ್ಲಾದರೂ 'ಫೇಲ್ಡ್ ಟು ಪಾರ್ಸ್' ಎಂದು ಕಂಡರೆ ಪ್ರಿಂಟ್ ಎಫ್‌ಎಂಟಿಯಲ್ಲಿ ಯೂಸರ್ ಸ್ಪೇಸ್‌ಗೆ ಅರ್ಥವಾಗದ ಕರ್ನಲ್ ಫಂಕ್ಷನ್ ಕರೆ ಉಳಿದಿದೆ. ಆ ಲೆಕ್ಕವನ್ನು ಟಿಪಿ_ಫಾಸ್ಟ್_ಅಸೈನ್‌ಗೆ ಸರಿಸಿ, ಬಂದ ಉತ್ತರವನ್ನು ಫೀಲ್ಡ್ ಆಗಿ ಇಡಿ.